ಗಿಡದಾಗ ಜಾಗಾ ಸಾಲಲಿಲ್ಲ

ನಮ್ಮ ವಂಶವೃಕ್ಷದ ಮೇಲೆ ಈ ವಾರ ಮೆಣಸಿನಕಾಯಿ ಒಣಗುತ್ತಿವೆ. ಸುಳ್ಳು ಅನ್ನಿಸಿದರೆ ಕೊಪ್ಪಳದ ನಮ್ಮ ಮನೆಗೆ ಬಂದು ಮಾಳಿಗೆ ಹತ್ತಿ ನೋಡಿ. ಮದುವೆ ಛತ್ರದ ಬಾಗಿಲಿಗೆ ಕಟ್ಟುವಂಥ ದೊಡ್ಡ ಫ್ಲೆಕ್ಸು. ಅದರ ತುಂಬ ಒಂದು ಆಲದ ಮರ, ಕೊಂಬೆಕೊಂಬೆಗೂ ಮೊಟ್ಟೆಯಾಕಾರದ ಚೌಕಟ್ಟು, ಚೌಕಟ್ಟಿನೊಳಗೆ ನಮ್ಮ ಮನೆತನದ ಹಿರಿಯರು. ಮುತ್ತಜ್ಜನ ರುಮಾಲಿನ ಮೇಲೂ ದೊಡ್ಡಪ್ಪನ ಕೋಟಿನ ಮೇಲೂ ಕೆಂಪಗೆ ಮೆಣಸಿನಕಾಯಿ ಹರಡಿಕೊಂಡಿದೆ. ಪಕ್ಕದ ಮನೆಯಾಕೆ ಮೊನ್ನೆ ಗೋಡೆಯಾಚೆಯಿಂದ ಇಣುಕಿ, "ಅಯ್ಯ ನೀಲಕ್ಕಾ, ಹಿರೇರ ಮ್ಯಾಲ ಖಾರ ಒಣಗಸ್ತೀರೇನ್ರಿ? ಬೋರಲಾದ್ರೂ ಹಾಸಬಾರದ?" ಅಂದಳು.

"ಬ್ಯಾಡ. ಹತ್ತಲಿ ಖಾರ," ಅಂದೆ. ಆಕೆ ತಲೆ ಕೆಳಗಿಳಿಸಿಬಿಟ್ಟಳು.

ನನಗೆ ಸಿಟ್ಟು ಜಾಸ್ತಿ ಎಂದು ಕಂಡವರೆಲ್ಲ ಹೇಳುತ್ತಾರೆ. ಸುಳ್ಳೇನಲ್ಲ. ಕುಷ್ಟಗಿ, ಯಲಬುರ್ಗಾ, ಗಂಗಾವತಿ ಎಂದು ಜೀವಮಾನವೆಲ್ಲ ಸರ್ಕಾರಿ ಬಸ್ಸಿನಲ್ಲಿ ಕಂಡಕ್ಟರ್ ಆಗಿ ತಿರುಗಿದವಳು ನಾನು. ಸಂತೆಯ ದಿನ ಕೋಳಿಬುಟ್ಟಿ, ಕುರಿಮರಿ, ಹುಲಿಗಿಗೆ ಹೊರಟ ಹರಕೆಯ ಹೆಂಗಸರು, ಇವರ ನಡುವೆ ನಿಂತು "ಮುಂದ ನಡೀರಿ" ಎಂದು ಕೂಗಿ ಕೂಗಿ ನನ್ನ ಗಂಟಲು ಮೆಲ್ಲಗೆ ಮಾತಾಡುವ ವಿದ್ಯೆಯನ್ನೇ ಮರೆತಿದೆ. ನನ್ನ ಗಂಡ ಇದ್ದಾಗ ಒಮ್ಮೆ ಬೀಗರ ಮನೆಯಲ್ಲಿ ಗಂಡನ ಕಿವಿಯಲ್ಲಿ ಗುಟ್ಟಾಗಿ, "ಪಲ್ಯಾ ಹಳಸೈತಿ" ಅಂದಿದ್ದೆ. ಅಡುಗೆಮನೆಯಿಂದ ಬೀಗತಿ, "ಬ್ಯಾರೇದು ತರ್ತೀನಿ ತಡೀರಿ" ಅಂದಳು. ಇದಿಷ್ಟನ್ನು ಮೊದಲೇ ಹೇಳಿಬಿಟ್ಟೆ. ಮುಂದೆ ಹುಲಿಗಿಯಲ್ಲಿ ನಡೆದದ್ದಕ್ಕೆ ನೀವು ನನ್ನ ಸ್ವಭಾವವನ್ನಷ್ಟೇ ಬೈದರೆ ಸಾಲದು, ಗಂಟಲನ್ನೂ ಬೈಯಬೇಕು.

ಬಸ್ಸಿನಲ್ಲಿ ಒಂದು ಪ್ರಶ್ನೆ ಕೇಳಿ ಕೇಳಿ ನನಗೆ ರೂಢಿಯಾಗಿತ್ತು. ಇಬ್ಬರು ಪಕ್ಕಪಕ್ಕ ಕೂತರೆ ಹೆಸರು ಕೇಳುವುದಿಲ್ಲ, "ಯಾರ ಪೈಕಿರಿ ನೀವು?" ಅನ್ನುತ್ತಾರೆ. ಬೇವೂರಿನಲ್ಲಿ ಹತ್ತಿದವರು ಕುಷ್ಟಗಿ ಬರುವುದರೊಳಗೆ ಮಾವ ಅಳಿಯ ಆಗಿಬಿಟ್ಟಿರುತ್ತಾರೆ. ನಿವೃತ್ತಿಯಾದ ಮೇಲೆ ಆ ಮಾತುಗಳಿಲ್ಲದೆ ಮನೆ ಬಣಬಣ ಅನ್ನಿಸಿತು. ಅದೇ ಹೊತ್ತಿಗೆ ನಮ್ಮ ದೊಡ್ಡಪ್ಪನ ಮಗ ವಿರುಪಣ್ಣ ಕೊಪ್ಪಳದಲ್ಲಿ 'ಹಿರೇರ ಬಳಗ' ಎಂಬ ಸಂಘ ಕಟ್ಟಿದ್ದ. ತಮ್ಮ ತಮ್ಮ ಮನೆತನದ ಇತಿಹಾಸ ಹುಡುಕುವವರ ಸಂಘ. ವಿರುಪಣ್ಣ ನಿವೃತ್ತ ಹೆಡ್ ಮಾಸ್ತರ್. ಮಾತಾಡಿದರೆ ಕೇಳುವವರಿಗೆ ತಾವು ಬೆಂಚಿನ ಮೇಲೆ ಕೂತಿದ್ದೇವೆ ಅನ್ನಿಸಬೇಕು, ಅಂಥವನು. "ನೀಲಮ್ಮಾ, ಬಾ, ನಿನಗ ಊರೂರು ಗೊತ್ತೈತಿ," ಎಂದು ಕರೆದ. ಹೋದೆ.

ಭಾನುವಾರ ಖಾಲಿ ಇರುವ ಒಂದು ಟ್ಯೂಶನ್ ಕೋಣೆಯಲ್ಲಿ ನಾವು ಸೇರುತ್ತಿದ್ದೆವು. ತಿಂಗಳಿಗೊಂದು ಸುದ್ದಿಹಾಳೆ ಬರುತ್ತಿತ್ತು. ಅದನ್ನು ಓದುವುದೇ ಒಂದು ಸುಖ. 'ನಿಜಾಮರ ಕಾಲದ ಉರ್ದು ಕಾಗದ ಮನೆಯಲ್ಲಿದ್ದರೆ ಮಡಿಕೆ ಬಿಚ್ಚಲು ಅವಸರ ಮಾಡಬೇಡಿ, ಖಾಜಾಸಾಬ್ ಮಾಸ್ತರರು ಓದಿ ಹೇಳುತ್ತಾರೆ.' 'ಸಾಲಿಯ ಹಳೆಯ ದಾಖಲೆಯಲ್ಲಿ ಹುಟ್ಟಿದ ತಾರೀಖು ನಂಬಬೇಡಿ, ನಮ್ಮ ಕಡೆಯ ಅರ್ಧ ಜನ ಜೂನ್ ಒಂದಕ್ಕೇ ಹುಟ್ಟಿದವರು.' 'ಕುಷ್ಟಗಿ ಕಡೆಯಿಂದ ಸೊಲ್ಲಾಪುರದ ಗಿರಣಿಗೆ ಹೋದ ಭೀಮಪ್ಪನ ಪೈಕಿಯವರು ಯಾರಾದರೂ ಇದ್ದರೆ ತಿಳಿಸಿ, ಇಲ್ಲಿ ತಂಗಿಯ ಮಕ್ಕಳು ಕಾಯುತ್ತಿದ್ದಾರೆ.' ಒಮ್ಮೆ ಹೀಗೂ ಬಂದಿತ್ತು: 'ಹೆಳವರು ಯಲಬುರ್ಗಾ ಭಾಗಕ್ಕೆ ಬಂದಿದ್ದಾರೆ. ಅವರು ವಂಶಾವಳಿ ಹೇಳುವಾಗ ಮೊಬೈಲಿನಲ್ಲಿ ಧ್ವನಿ ಹಿಡಿದುಕೊಳ್ಳಿ. ನಡುವೆ ಕೆಮ್ಮಬೇಡಿ.'

ಹೆಳವರ ಸುದ್ದಿ ಓದಿದ ದಿನ ನನಗೆ ನಮ್ಮ ಆಯಿಯ ನೆನಪು ಬಂತು. ಆಯಿ ಅಂದರೆ ನಮ್ಮಪ್ಪನ ತಾಯಿ. ಸುಗ್ಗಿ ಮುಗಿದ ಮೇಲೆ ಹೆಳವರಪ್ಪ ಎತ್ತಿನ ಮೇಲೆ ಕೂತು ಬರುತ್ತಿದ್ದ. ಎತ್ತಿನ ಕೊರಳ ಗಂಟೆ ಕೇಳಿದರೆ ನಾವು ಹುಡುಗಿಯರು ರೊಟ್ಟಿ ಬಿಟ್ಟು ಓಡುತ್ತಿದ್ದೆವು. ನಮ್ಮ ಬಾಗಿಲ ಮುಂದೆ ನಿಂತು ಅವನು ಮೂಲಪುರುಷನಿಂದ ಶುರುಮಾಡಿ ಇಂಥವನ ಮಗ ಇಂಥವ, ಇಂಥವನ ಮಗ ಇಂಥವ ಎಂದು ರಾಗವಾಗಿ ಇಳಿಯುತ್ತ ಬಂದು ನಮ್ಮ ಅಜ್ಜ ಯಂಕಪ್ಪನ ಹತ್ತಿರ ನಿಲ್ಲುತ್ತಿದ್ದ, ಆಮೇಲೆ ದೊಡ್ಡಪ್ಪ, ಆಮೇಲೆ ನಮ್ಮಪ್ಪ ಹುಲಿಗೆಪ್ಪ. ಆಯಿ ಮೊರದ ತುಂಬ ಜೋಳ ಹಿಡಿದು ಅಷ್ಟೂ ಹೊತ್ತು ನಿಂತಿರುತ್ತಿದ್ದಳು. ಒಮ್ಮೆ ನಾನು ಸೆರಗು ಜಗ್ಗಿ, "ಆಯಿ, ನಿನ್ನ ಹೆಸರು ಯಾಕ ಹೇಳಲಿಲ್ಲ?" ಎಂದೆ. ಆಯಿ ನಕ್ಕಳು. "ಅವನು ಗಂಡಸರ ಹೆಸರು ಹಾಡ್ಯಾನ, ಜ್ವಾಳಾ ಯಾರ ಕೈಯಾಗಿಂದ ಬೀಳ್ತೈತಿ ನೋಡು," ಎಂದು ಮೊರ ಬಗ್ಗಿಸಿದಳು.

ಆ ಆಯಿ ನಮ್ಮ ಮನೆಗೆ ಬಂದದ್ದು ಹೇಗೆಂದು ಹೇಳಬೇಕು. ಅಜ್ಜನ ಮೊದಲ ಹೆಂಡತಿ ಪಾರವ್ವ. ದೊಡ್ಡಪ್ಪನನ್ನು ಹಡೆದು ಬಾಣಂತಿ ಜ್ವರದಲ್ಲಿ ತೀರಿಕೊಂಡಳು. ಕೂಸು ಹಾಲಿಲ್ಲದೆ ಒಣಗುತ್ತಿತ್ತು. ಮೇಕೆಯ ಹಾಲು ದಕ್ಕಲಿಲ್ಲ. ಆಗ ತಳಕಲ್ಲೆಂಬ ಊರಿನಲ್ಲಿ ಒಬ್ಬ ಹೆಣ್ಣುಮಗಳು, ಗಂಡ ಸತ್ತವಳು, ಎದೆಯ ಮೇಲೆ ಹಾಲು ಕುಡಿಯುವ ಹೆಣ್ಣುಕೂಸು ಇದ್ದವಳು ಇದ್ದಾಳೆಂದು ಯಾರೋ ಹೇಳಿದರು. ಅಜ್ಜ ಹೋಗಿ ಉಡಿಕಿ ಮಾಡಿಕೊಂಡು ಬಂದ. ನಿಮಗೆ ಉಡಿಕಿ ಗೊತ್ತಿರಬಹುದು. ಹಂದರವಿಲ್ಲ, ವಾಲಗವಿಲ್ಲ. ಗಂಡ ಸತ್ತವಳಿಗೆ ಹೊಸ ಸೀರೆ ಉಡಿಸಿ ಬಳೆ ಇಡಿಸಿ ಕರೆದುಕೊಂಡು ಬರುವುದು. ದುಡಿದು ತಿನ್ನುವ ನಮ್ಮಂಥ ಮನೆಗಳಲ್ಲಿ ಅದೇನು ನಾಚಿಕೆಯ ವಿಷಯವಾಗಿರಲಿಲ್ಲ. ಆದರೆ ಹಾಗೆ ಬಂದವಳನ್ನು ಮದುವೆಯಲ್ಲಿ ಮುಂದೆ ಕರೆಯುತ್ತಿರಲಿಲ್ಲ. ಆರತಿ ಹಿಡಿಯಲು ಬೇಡ, ಮದುಮಕ್ಕಳಿಗೆ ಸುರಗಿಯ ನೂಲು ಸುತ್ತಲು ಬೇಡ. ರೊಟ್ಟಿ ಬಡಿಯಲು ಮಾತ್ರ ಎಲ್ಲರಿಗಿಂತ ಮುಂದೆ ಬೇಕು.

ಆಯಿ ಬಂದವಳೇ ಎರಡು ಕೂಸನ್ನು ಎರಡು ಮಗ್ಗುಲಿಗೆ ಹಾಕಿಕೊಂಡಳು. ಒಂದು ಅಜ್ಜನ ಕೂಸು, ನಮ್ಮ ದೊಡ್ಡಪ್ಪ. ಇನ್ನೊಂದು ತನ್ನ ಕೂಸು, ಹೊನ್ನವ್ವ. ಕೆಲವು ವರ್ಷದ ಮೇಲೆ ನಮ್ಮಪ್ಪ ಹುಟ್ಟಿದ. ದೊಡ್ಡಪ್ಪ ಓದಿದ, ನೌಕರಿ ಹಿಡಿದು ರಾಯಚೂರ ಕಡೆ ಹೋದ, ಅವನ ಮಕ್ಕಳು ಅಲ್ಲೇ ಬೆಳೆದರು. ವಿರುಪಣ್ಣ ಊರಿಗೆ ಬರುತ್ತಿದ್ದುದು ಹಬ್ಬಕ್ಕೋ ಹುಣ್ಣಿಮೆಗೋ. ನಮ್ಮ ಹೊನ್ನತ್ತಿ ಗಂಡನ ಜೊತೆ ಗಂಗಾವತಿ ಆಚೆಯ ಶ್ರೀರಾಮನಗರಕ್ಕೆ ಹೋದಳು. ಕಾಲುವೆಗೆ ನೀರು ಬಂದು, ತೆಲುಗರು ಬಂದು ಗದ್ದೆ ಮಾಡಿದ ಕಾಲ. ಅವರ ಗದ್ದೆಗಳಲ್ಲಿ ಭತ್ತದ ಸಸಿ ಹಚ್ಚುತ್ತ ಬಗ್ಗಿದ ಬೆನ್ನು ಈಗಲೂ ಪೂರ್ತಿ ಎದ್ದಿಲ್ಲ. ತೊಂಬತ್ತರ ಹತ್ತಿರ ಬಂದಿದ್ದಾಳೆ. ಅರ್ಧ ಕನ್ನಡ ಅರ್ಧ ತೆಲುಗು ಮಾತಾಡುತ್ತಾಳೆ, ಪೂರ್ತಿ ಬೈಯುತ್ತಾಳೆ.

ಬಳಗದಲ್ಲಿ ನಾನು ನಮ್ಮ ಆಯಿಯ ಬಗ್ಗೆ ಹುಡುಕತೊಡಗಿದೆ. ಖಾಜಾಸಾಬ್ ಮಾಸ್ತರರು ಉರ್ದು ಸಾಲಿಯಲ್ಲಿ ಕಲಿಸಿ ನಿವೃತ್ತರಾದವರು. ಅಜ್ಜನ ಹೊಲದ ಹಳೆಯ ಕಾಗದಗಳನ್ನು ಕಣ್ಣಿಗೆ ಹತ್ತಿರ ಹಿಡಿದು ಓದಿ, ತಲೆ ಅಲ್ಲಾಡಿಸಿದರು. "ಇಲ್ಲಿ 'ಜೌಜೆ ಯಂಕಪ್ಪ' ಅಂತ ಬರದಾರ ಬಾಯಿ. ಯಂಕಪ್ಪನ ಹೇಂತಿ ಅಂತ. ಅಷ್ಟ. ಯಾವ ಕಾಗದ ತಂದ್ರೂ ಹಿಂಗ. ಹೆಣ್ಮಕ್ಕಳಿಗೆ ಹೆಸರ ಇರಲಿಲ್ಲೇನೋ ಅನ್ನಂಗ ಬರದಾರ."

"ಕಾಗದದಾಗ ಇಲ್ಲದಿದ್ರ ಇಲ್ಲ, ನಮ್ಮ ಬಾಯಾಗ ಐತಲ್ರಿ," ಎಂದೆ. ಆಗ ನನಗೆ ಸಿಟ್ಟಿರಲಿಲ್ಲ. ಬರೆದವರು ಯಾರೋ, ಎಂದೋ ಸತ್ತವರು. ಸತ್ತವರ ಮೇಲೆ ಎಷ್ಟಂತ ಸಿಟ್ಟು ಮಾಡುವುದು?

ಹೀಗಿರುವಾಗ ವಿರುಪಣ್ಣ ಘೋಷಿಸಿದ. ಬಳಗದ ವಾರ್ಷಿಕ ಸಭೆ ಹುಲಿಗಿಯಲ್ಲಿ. ಹುಲಿಗೆಮ್ಮನ ದರ್ಶನ, ಹೊಳೆಯ ದಂಡೆಯ ಹತ್ತಿರದ ಛತ್ರದಲ್ಲಿ ಊಟ, ಮತ್ತು ಅಧ್ಯಕ್ಷರ ಮನೆತನದ ವಂಶವೃಕ್ಷದ ಅನಾವರಣ. ಅದನ್ನೇ ಸುದ್ದಿಹಾಳೆಯಲ್ಲಿ ಮಾದರಿ ಎಂದು ಅಚ್ಚು ಮಾಡುವುದು, ಉಳಿದವರು ಅದನ್ನು ನೋಡಿ ತಮ್ಮ ತಮ್ಮ ಗಿಡ ಬರೆಯುವುದು. ನಾನು ಹಿರಿಹಿರಿ ಹಿಗ್ಗಿದೆ. ಶ್ರೀರಾಮನಗರಕ್ಕೆ ಹೋಗಿ ಹೊನ್ನತ್ತಿಗೆ, "ಆಯಿ ಹೆಸರು ದೊಡ್ಡ ಬೋರ್ಡಿನ ಮ್ಯಾಲ ಬರ್ತೈತಿ, ನೀ ಬರಬೇಕು," ಎಂದೆ.

"ಬರ್ತೀನಿ. ನಮ್ಮವ್ವನ ಹೆಸರು ಬರದದ್ದು ನಾ ಇನ್ನಾ ನೋಡಿಲ್ಲ," ಅಂದಳು. ಅವಳಿಗೆ ಓದಲು ಬರುವುದಿಲ್ಲ. ಆದರೂ ನೋಡಬೇಕು. ಪೆಟ್ಟಿಗೆಯಿಂದ ಇಳಕಲ್ ಸೀರೆ ತೆಗೆದು ಉಟ್ಟುಕೊಂಡು ಬಂದಳು. ಬಸ್ಸಿನಲ್ಲಿ ಕಿಟಕಿಯ ಪಕ್ಕ ಕೂತು ದಾರಿಯುದ್ದಕ್ಕೂ ಕಂಡ ಕಂಡವರಿಗೆ, "ನಮ್ಮವ್ವನ ಹೆಸರು ಹಾಕ್ಯಾರಂತ, ನೋಡಾಕ ಹೊಂಟೀನಿ," ಎಂದು ಹೇಳಿದಳು.

ಛತ್ರದ ಗೋಡೆಗೆ ಫ್ಲೆಕ್ಸು ಕಟ್ಟಿದ್ದರು. ಜನ ಮುತ್ತಿಕೊಂಡಿದ್ದರು. ಅತ್ತಿ ನನ್ನ ತೋಳು ಹಿಡಿದು ಜನರ ನಡುವೆ ದಾರಿ ಮಾಡಿಕೊಂಡು ಮುಂದೆ ನಿಂತಳು.

"ಅವ್ವಂದು ಯಾವುದು? ಬಟ್ಟು ಇಟ್ಟು ತೋರ್ಸು."

ನಾನು ಬೇರಿನಿಂದ ಶುರುಮಾಡಿದೆ. ಮುತ್ತಜ್ಜ. ಅಜ್ಜ ಯಂಕಪ್ಪ. ಅಜ್ಜನ ಪಕ್ಕದಲ್ಲಿ ಪಾರವ್ವ. ಪಾರವ್ವನ ಫೋಟೋ ಯಾರ ಹತ್ತಿರವೂ ಇರಲಿಲ್ಲ. ಸ್ಟುಡಿಯೋದವನು ವಿರುಪಣ್ಣನ ಮುಖಕ್ಕೇ ಮೂಗುತಿ, ಕುಂಕುಮ ಹಚ್ಚಿ ಸೆರಗು ಹೊದಿಸಿದಂತಿತ್ತು. ಮೀಸೆಯೊಂದನ್ನು ಅಳಿಸಿದ್ದ. ಅವರಿಬ್ಬರಿಂದ ಎರಡು ಕೊಂಬೆ. ಒಂದರಲ್ಲಿ ದೊಡ್ಡಪ್ಪ, ಇನ್ನೊಂದರಲ್ಲಿ ನಮ್ಮಪ್ಪ. ಇಬ್ಬರೂ ಪಾರವ್ವನ ಮಕ್ಕಳು. ಮೇಲಿನಿಂದ ಕೆಳಗೆ, ಎಡದಿಂದ ಬಲಕ್ಕೆ ಓದಿದೆ. ನಮ್ಮ ಆಯಿ ಇಲ್ಲ. ಹೊನ್ನತ್ತಿ ಇಲ್ಲ. ಒಂದು ಕೊಂಬೆಯ ಮೇಲೆ ಎರಡು ಗಿಳಿ ಕೂತಿದ್ದವು.

"ಎಲ್ಲೈತಿ?" ಅತ್ತಿ ಮತ್ತೆ ಕೇಳಿದಳು. ಅವಳ ಮುಖ ಗಿಡದ ಕಡೆಗೇ ಇತ್ತು, ಬಾಯಿ ಸ್ವಲ್ಪ ತೆರೆದಿತ್ತು. ಯಾವುದಾದರೊಂದು ಚೌಕಟ್ಟಿನ ಮೇಲೆ ಬೆರಳಿಟ್ಟು ಇದು ಅಂದಿದ್ದರೆ ಮುಗಿಯುತ್ತಿತ್ತು. ಅವಳು ಅದಕ್ಕೆ ಕೈ ಮುಗಿದು, ಊಟ ಮಾಡಿ, ಸುಖವಾಗಿ ಮನೆಗೆ ಹೋಗುತ್ತಿದ್ದಳು. ಬೆರಳು ಎತ್ತಿದ್ದೆ ಕೂಡ. ಆದರೆ ಅದು ಹೋಗಿ ನಿಲ್ಲಬೇಕಾದದ್ದು ಆ ಮೀಸೆ ಅಳಿಸಿದ ಮುಖದ ಮೇಲೆ. ಆಗಲಿಲ್ಲ.

"ಇಲ್ಲತ್ತಿ."

"ಸರೀ ನೋಡು. ಚಾಳೀಸ ಹಾಕ್ಕೊಂಡು ನೋಡು."

"ಹಾಕ್ಕೊಂಡೀನಿ ಅತ್ತಿ. ಆಯಿ ಹೆಸರಿಲ್ಲ."

ಅವಳು ನನ್ನ ತೋಳು ಬಿಟ್ಟಳು. ಹಿಂದಕ್ಕೆ ಸರಿದು ಗೋಡೆಗೆ ಒರಗಿ ಕೂತಳು. ಇಳಕಲ್ ಸೀರೆಯ ಸೆರಗನ್ನು ಮಡಿಲಲ್ಲಿ ಮಡಚತೊಡಗಿದಳು.

ವಿರುಪಣ್ಣ ಬಾಗಿಲಲ್ಲಿ ನಿಂತು ಬಂದವರಿಗೆ ನಮಸ್ಕಾರ ಮಾಡುತ್ತಿದ್ದ. ನಾನು ಹೋಗಿ, "ಆಯಿ ಎಲ್ಲಿ?" ಎಂದೆ.

"ನೋಡು ನೀಲಮ್ಮಾ, ಗಿಡದಾಗ ಜಾಗಾ ಸಾಲಲಿಲ್ಲ."

"ಗಿಳಿಗೆ ಸಾಲ್ತು?"

ಅವನು ನನ್ನ ತೋಳು ಹಿಡಿದು ನೀರಿನ ತೊಟ್ಟಿಯ ಕಡೆ ಕರೆದುಕೊಂಡು ಹೋದ. "ಸಣ್ಣ ಮಾತು ದೊಡ್ಡದು ಮಾಡಬ್ಯಾಡ. ಇವತ್ತ ನನ್ನ ಮೊಮ್ಮಗಳನ್ನ ನೋಡಾಕ ಬೀಗರು ಬರೋರದಾರ. ಭಾಳ ಛಲೋ ಮನಿತನ. ಉಡಿಕಿ ಗಿಡಿಕಿ ಅಂತ ಬೋರ್ಡ್ ಹಾಕ್ಕೊಂಡು ಕುಂದ್ರಾಕ ಬರ್ತೈತೇನು? ನಾವೂ ಒಂದು ಲೆವೆಲ್ಲಿಗೆ ಬಂದೀವಿ. ಮರ್ಯಾದಿ ನೋಡಬೇಕಾಗ್ತೈತಿ."

"ಹಂಗಾರ ನಮ್ಮಪ್ಪನ್ನ ಯಾರು ಹಡದ್ರು?"

"ಪಾರವ್ವಜ್ಜಿ ಕೆಳಗ ಹಾಕೀವಲ್ಲ."

"ಪಾರವ್ವಜ್ಜಿ ಸತ್ತ ಮ್ಯಾಲ ಹಡದ್ಲೇನು? ಮಣ್ಣಾಗಿಂದ ಎದ್ದು ಬಂದು ಹಡದ್ಲೇನು?"

"ಮೆಲ್ಲಕ ಮಾತಾಡು, ನೀಲಮ್ಮಾ."

ಮೆಲ್ಲಕೆ! ನಾನು ಮೊದಲೇ ಹೇಳಿದೆನಲ್ಲ. ಅಂಗಳಕ್ಕೆಲ್ಲ ಕೇಳಿಸಿತ್ತು. ಎಲೆ ಹಾಕುತ್ತಿದ್ದವರು ಎಲೆ ಕೈಯಲ್ಲಿ ಹಿಡಿದು ನಿಂತಿದ್ದರು. ಬಾಗಿಲಲ್ಲಿ ಕಾರಿನಿಂದ ಇಳಿದ ಬೀಗರು ಒಳಗೆ ಬರಲೋ ಬೇಡವೋ ಎಂದು ನಿಂತಿದ್ದರು. ಅಷ್ಟರಲ್ಲಿ ಗೋಡೆಯ ಕಡೆಯಿಂದ ಹೊನ್ನತ್ತಿಯ ದನಿ ಬಂತು. ಯಾರನ್ನೂ ನೋಡದೆ, ಸೆರಗನ್ನು ನೋಡುತ್ತ ಹೇಳಿದಳು.

"ನಾನೂ ಈ ವಿರುಪಣ್ಣನ ಅಪ್ಪನೂ ಒಂದ ಮೊಲಿ ಕುಡದ ಬೆಳದೀವಿ. ನನಗ ಸಾಲ್ತಿರಲಿಲ್ಲ. ಅವ್ವ ಅವನಿಗೆ ಮೊದಲ ಕೊಡ್ತಿದ್ಲು. ತಾಯಿಲ್ಲದ ಕೂಸು ಅಂತ."

ನಾನು ಒಂದು ಪ್ಲಾಸ್ಟಿಕ್ ಕುರ್ಚಿ ಎಳೆದು, ಹತ್ತಿ, ಫ್ಲೆಕ್ಸಿನ ಹಗ್ಗ ಬಿಚ್ಚತೊಡಗಿದೆ. ನನ್ನ ಈ ದಪ್ಪ ಮೈ ಹೊತ್ತು ಆ ಬಡಕಲು ಕುರ್ಚಿಯ ಮೇಲೆ ನಿಂತದ್ದು ನೋಡಲು ಹೇಗಿತ್ತೋ, ಈಗ ನೆನೆದರೆ ಬೆವರುತ್ತದೆ. ಕುರ್ಚಿಯ ಒಂದು ಕಾಲು ಸೊಟ್ಟಗಾಯಿತು, ಖಾಜಾಸಾಬ್ ಮಾಸ್ತರರು ಓಡಿ ಬಂದು ಹಿಡಿದುಕೊಂಡರು. "ಬೀಳ್ತೀರಿ ಬಾಯಿ, ಇಳೀರಿ," ಅಂದರು. "ಮಾಸ್ತರ್ರ, ಕುರ್ಚಿ ಹಿಡೀರಿ, ಬಾಯಿ ಹಿಡೀಬ್ಯಾಡ್ರಿ," ಅಂದೆ. ಅವರು ಗಟ್ಟಿಯಾಗಿ ಹಿಡಿದರು. ಗಿಡ ಧೊಪ್ಪೆಂದು ಕೆಳಗೆ ಬಿತ್ತು. ಸುತ್ತಿ ಕಂಕುಳಲ್ಲಿ ಇಟ್ಟುಕೊಂಡೆ, ಅತ್ತಿಯ ಕೈ ಹಿಡಿದೆ, ಊಟ ಮಾಡದೆ ಇಬ್ಬರೂ ಹೊರಬಿದ್ದೆವು. ಹೊಳೆಯ ದಂಡೆಯ ಅಂಗಡಿಯಲ್ಲಿ ಮಂಡಕ್ಕಿ ಮಿರ್ಚಿ ತಿಂದೆವು. ಅತ್ತಿ ತಿನ್ನುತ್ತ, "ಖಾರ ಕಡಿಮಿ ಐತಿ," ಎಂದು ಅಂಗಡಿಯವನನ್ನು ಬೈದಳು. ನನ್ನ ಕಣ್ಣಲ್ಲಿ ನೀರು ಬಂತು, ಖಾರಕ್ಕಲ್ಲ.

ಈಗ ಕೇಳಿ. ಆ ಸಂಬಂಧ ಮುರಿಯಿತು ಎಂದುಕೊಂಡಿರಾ? ಇಲ್ಲ. ಬೀಗರು ಉಂಡರು, ಹುಡುಗಿಯನ್ನು ನೋಡಿದರು, ಒಪ್ಪಿದರು. ಉಡಿಕಿಯ ಬಗ್ಗೆ ಅವರು ಒಂದು ಮಾತೂ ಕೇಳಲಿಲ್ಲವಂತೆ. ಅವರಿಗೆ ಬೇಕಾಗಿದ್ದವಳು ಹುಡುಗಿ, ನಮ್ಮ ಆಯಿಯಲ್ಲ. ಯಾವ ಗಂಡಾಂತರಕ್ಕೆ ಹೆದರಿ ನಮ್ಮ ಆಯಿಯನ್ನು ಮರದಿಂದ ಕಡಿದು ಹಾಕಿದ್ದರೋ ಆ ಗಂಡಾಂತರ ಇರಲೇ ಇಲ್ಲ. ಇದನ್ನು ಕೇಳಿದ ಮೇಲೆ ನನ್ನ ಸಿಟ್ಟು ಇಳಿಯುತ್ತದೆಂದು ಎಲ್ಲರೂ ಅಂದುಕೊಂಡರು. ಅದು ಇಮ್ಮಡಿಯಾಯಿತು.

ಮುಂದಿನ ಸುದ್ದಿಹಾಳೆಯಲ್ಲಿ ಮೂಲೆಗೊಂದು ತಿದ್ದುಪಡಿ ಬಂತು: 'ಅಧ್ಯಕ್ಷರ ವಂಶವೃಕ್ಷದಲ್ಲಿ ಕಣ್ತಪ್ಪಿನಿಂದ ಒಂದು ಹೆಸರು ಬಿಟ್ಟುಹೋಗಿದೆ. ಓದುಗರು ಗಮನಿಸಬೇಕು.' ಏನನ್ನು ಗಮನಿಸಬೇಕು? ಯಾವ ಹೆಸರು? ತಿದ್ದುಪಡಿಯಲ್ಲೂ ಹೆಸರಿಲ್ಲ! ಮತ್ತೆ ಕಣ್ತಪ್ಪಂತೆ. ಕಣ್ಣು ತಪ್ಪಿದರೆ ಎಡವುತ್ತೇವೆ. ಹೆಂಗಸೊಬ್ಬಳನ್ನು ಅಳಿಸಿ ಅವಳ ಮಗನನ್ನು ಸತ್ತವಳ ಮಡಿಲಲ್ಲಿ ಕೂರಿಸುವುದು ಕಣ್ಣಿನ ಕೆಲಸವಲ್ಲ. ಆ ಹಾಳೆಯನ್ನು ಹಿಡಿದು ಭಾನುವಾರ ಟ್ಯೂಶನ್ ಕೋಣೆಗೆ ಹೋದೆ. ನಾನು ಬಾಯಿ ತೆಗೆಯುವ ಮೊದಲೇ ಖಾಜಾಸಾಬ್ ಮಾಸ್ತರರು ಎದ್ದು ನಿಂತರು.

"ಸರ್, ಆವಾಗಿನ ಮಂದಿ 'ಜೌಜೆ' ಅಂತಾದ್ರೂ ಬರದ್ರು. ನಾವು ಅಷ್ಟೂ ಬರೀಲಿಲ್ಲ. ಹೆಸರಿಲ್ಲದ ತಿದ್ದುಪಡಿಗೆ ಅರ್ಥ ಏನೈತ್ರಿ?"

"ಮುಂದಿನ ತಿಂಗಳು ನೋಡೋಣು," ಎಂದು ವಿರುಪಣ್ಣ ಬೇರೆ ವಿಷಯ ತೆಗೆದ. ಆ ದೊಡ್ಡಸ್ತಿಕೆ ನೋಡಿ ನನ್ನ ಮೈ ಉರಿದು, ಎದ್ದು ಬಂದುಬಿಟ್ಟೆ. ಹೆಸರನ್ನು ಅವನ ಮುಂದೆ ಹೇಳುವುದಕ್ಕೂ ಮನಸ್ಸಾಗಲಿಲ್ಲ.

ಆದರೆ ಹಾಳೆ ಅಚ್ಚಿಗೆ ಕಳಿಸುವವರು ಖಾಜಾಸಾಬ್ ಮಾಸ್ತರರು. ಅವರು ನನಗೆ ಫೋನು ಮಾಡಿ, "ಬಾಯಿ, ಒಂದು ಸುದ್ದಿ ಬರದುಕೊಡ್ರಿ, ನಾ ಹಾಕ್ತೀನಿ," ಅಂದರು. ಬರೆದೆ: 'ನಿಮ್ಮ ಮನೆಗೆ ಉಡಿಕಿಯಾಗಿ ಬಂದ ಹೆಣ್ಣುಮಕ್ಕಳ ಹೆಸರು, ತವರೂರು ಗೊತ್ತಿದ್ದರೆ ತಿಳಿಸಿರಿ. ಕಾಗದದಲ್ಲಿ ಸಿಗುವುದಿಲ್ಲ. ಮನೆಯ ಮುದುಕಿಯರನ್ನು ಕೇಳಿರಿ, ಬೇಗ ಕೇಳಿರಿ.' ಕೆಳಗೆ ನನ್ನ ಹೆಸರು.

ಯಾರೂ ಮಾತಾಡಲಿಕ್ಕಿಲ್ಲ ಎಂದುಕೊಂಡಿದ್ದೆ. ಮೊದಲು ಕುಷ್ಟಗಿಯಿಂದ ಒಬ್ಬ ಗಂಡಸು ಫೋನು ಮಾಡಿದ. ಪಿಸುದನಿಯಲ್ಲಿ, "ನಮ್ಮವ್ವನ ಅವ್ವರಿ. ಸಂಕವ್ವ ಅಂತ. ನಾ ಹೇಳಿದ್ದು ಯಾರಿಗೂ ಹೇಳಬ್ಯಾಡ್ರಿ, ಆದ್ರ ಹೆಸರು ಬರಕೋರಿ," ಅಂದ. ಯಲಬುರ್ಗಾದಿಂದ ಒಬ್ಬ ಸೊಸೆ ತನ್ನ ಅತ್ತೆಯ ಕೈಗೆ ಫೋನು ಕೊಟ್ಟಳು. ಆ ಮುದುಕಿ ತನ್ನ ಅತ್ತೆಯ ಹೆಸರು ಹೇಳಿ ಗೊಳೋ ಎಂದು ಅತ್ತಳು, "ಆಕಿ ಮಾಡಿದ ಹೋಳಗಿ ಉಂಡ್ರು, ಆಕಿ ಕೈಲೆ ಒಂದು ಆರತಿ ಮುಟ್ಟಿಸಲಿಲ್ರಿ," ಎಂದಳು. ಗಂಗಾವತಿಯ ಒಬ್ಬಾಕೆ ತಾನೇ ಉಡಿಕಿಯಾದವಳು, "ನಾ ಇನ್ನಾ ಬದುಕೀನಿ, ನನ್ನ ಹೆಸರು ಹಾಕ್ತೀರೇನು?" ಎಂದು ಕೇಳಿ ನಕ್ಕಳು. ಪ್ರತಿ ಫೋನು ಇಟ್ಟಾಗಲೂ ನನಗೆ ಸಮಾಧಾನವಾಗುವ ಬದಲು ಸಿಟ್ಟು ಮತ್ತಷ್ಟು ಕೆರಳುತ್ತಿತ್ತು. ಇಷ್ಟು ಹೆಂಗಸರು! ಇಷ್ಟು ಮನೆಗಳಲ್ಲಿ! ಮಕ್ಕಳು ಹುಟ್ಟಿ, ಓದಿ, ನೌಕರಿ ಹಿಡಿದು, ಕಾರು ಕೊಂಡು, ಆಮೇಲೆ ಹೊಟ್ಟೆಗೆ ಹಾಕಿದವಳ ಹೆಸರನ್ನು ಪಿಸುದನಿಯಲ್ಲಿ ಹೇಳುತ್ತಾರೆ.

ಮದುವೆ ಹತ್ತಿರ ಬಂತು. ಒಂದು ಬೆಳಿಗ್ಗೆ ವಿರುಪಣ್ಣ ನನ್ನ ಬಾಗಿಲಿಗೆ ಬಂದ. ಕೈಯಲ್ಲಿ ಲಗ್ನಪತ್ರಿಕೆ, ಸೀರೆಯ ಚೀಲ.

"ಹೊನ್ನತ್ತಿ ಮದುವಿಗೆ ಬರಬೇಕು. ಹುಲಿಗ್ಯಾಗ ಎಲ್ಲಾರ ಮುಂದ ಹಂಗಾತಲ್ಲ. ಹಿರೇಳು ಬರದಿದ್ರ ಮಂದಿ ಏನಂತಾರ? ನೀ ಜೊತಿಗೆ ಬಾ. ನಾ ಒಬ್ಬನ ಹೋದ್ರ ಬೈತಾಳ."

ನೋಡಿ, ಈಗಲೂ ಮಂದಿ ಏನಂತಾರ! ಆಗ ಮಂದಿಗಾಗಿ ಅಳಿಸಿದ, ಈಗ ಮಂದಿಗಾಗಿ ಕರೆಯಲು ಹೊರಟಿದ್ದ. ಬಾಗಿಲು ಹಾಕಿಬಿಡಬೇಕು ಅನ್ನಿಸಿತು. ಆದರೆ ಅತ್ತಿ ಅವನನ್ನು ಬೈಯುವುದನ್ನು ಕೇಳುವ ಆಸೆ ನನ್ನ ಸಿಟ್ಟಿಗಿಂತ ದೊಡ್ಡದಾಯಿತು. ಅವನ ಕಾರು ಹತ್ತಿದೆ. ಶ್ರೀರಾಮನಗರಕ್ಕೆ ಹೊರಟೆವು.

ಅತ್ತಿ ಬಾಗಿಲ ಮುಂದೆ ನುಲಿ ಮಂಚದ ಮೇಲೆ ಬಿಸಿಲಿಗೆ ಕೂತಿದ್ದಳು. ಓಣಿಯ ಕೊನೆಯಲ್ಲಿ ಗದ್ದೆ, ಆಚೆ ಕಾಲುವೆ. ವಿರುಪಣ್ಣ ಚೀಲವನ್ನು ಮಂಚದ ಮೇಲಿಟ್ಟು, ನೆಲ ಮುಟ್ಟಿ ನಮಸ್ಕಾರ ಮಾಡಿದ. "ತಪ್ಪಾತು ಅತ್ತಿ. ಹೊಟ್ಯಾಗ ಹಾಕ್ಕೋ. ಮದುವಿಗೆ ಬರಬೇಕು."

ಅತ್ತಿ ಚೀಲವನ್ನು ನೋಡಲೂ ಇಲ್ಲ. "ನನಗೇನು ತಪ್ಪು ಮಾಡೀಯಪ್ಪ ನೀನು? ನಾ ಅವ್ವ ಕರಕೊಂಡು ಬಂದ ಮಗಳು. ನಿಮ್ಮ ಗಿಡದಾಗ ನಾ ಯಾವತ್ತಿದ್ದೆ? ನೀ ತಪ್ಪು ಮಾಡಿದ್ದು ನಮ್ಮವ್ವಗ. ಆಕಿ ಹೆಸರು ತಗೊಂಡು ಕೇಳು."

"ಆಯೀ, ತಪ್ಪಾತು..."

"ಆಯಿ ಎಲ್ಲಾರ ಮನ್ಯಾಗೂ ಇರ್ತಾಳ. ಹೆಸರು ತಗೋ."

ವಿರುಪಣ್ಣ ತಡವರಿಸಿದ. "ತಳಕಲ್ಲವ್ವ," ಅಂದ.

ಅತ್ತಿ ತಲೆ ಅಲ್ಲಾಡಿಸಿದಳು. ನಮ್ಮ ಕಡೆ ಸೊಸೆಯನ್ನು ಹೆಸರು ಹಿಡಿದು ಕರೆಯುವ ರೂಢಿಯಿಲ್ಲ, ತವರೂರಿನ ಹೆಸರಿಗೆ ಅವ್ವ ಸೇರಿಸಿ ಕರೆಯುತ್ತಾರೆ. "ಅದು ಊರಿನ ಹೆಸರು. ನಮ್ಮವ್ವಂದು ಹೇಳು."

ಅವನು ನನ್ನ ಕಡೆ ತಿರುಗಿದ. ಆಗ ನನಗೆ ಹೊಳೆಯಿತು. ತಿದ್ದುಪಡಿಯಲ್ಲಿ ಹೆಸರು ಹಾಕದೇ ಹೋದದ್ದು ದೊಡ್ಡಸ್ತಿಕೆಯಿಂದಲ್ಲ. ಅವನಿಗೆ ಗೊತ್ತಿರಲಿಲ್ಲ. ನಾಲ್ಕು ತಾಲ್ಲೂಕಿನ ಮಂದಿಗೆ ಹಿರಿಯರನ್ನು ಹುಡುಕುವುದು ಹೇಗೆಂದು ಪಾಠ ಹೇಳುವವನಿಗೆ, ತನ್ನ ತಂದೆಯನ್ನು ಉಳಿಸಿದವಳ ಹೆಸರು ಗೊತ್ತಿರಲಿಲ್ಲ, ಕೇಳಿಯೂ ಇರಲಿಲ್ಲ. ಅವನ ಕಣ್ಣು ನನ್ನನ್ನು ಬೇಡಿಕೊಳ್ಳುತ್ತಿತ್ತು. ನಾನು ಕಾಲುವೆಯ ಕಡೆ ನೋಡುತ್ತ ನಿಂತೆ. ಬಾಯಿ ಬಿಡಲಿಲ್ಲ. ಜನ್ಮದಲ್ಲಿ ಮೊದಲ ಸಲ ಅಷ್ಟು ಹೊತ್ತು ಬಾಯಿ ಮುಚ್ಚಿಕೊಂಡಿದ್ದೆ.

"ಗೊತ್ತಿಲ್ಲ ಅತ್ತಿ," ಎಂದ ಕೊನೆಗೆ. ಹೆಡ್ ಮಾಸ್ತರನ ದನಿಯಾಗಿರಲಿಲ್ಲ ಅದು.

"ದುರುಗವ್ವ," ಅಂದಳು ಅತ್ತಿ.

"ದುರುಗವ್ವ."

"ಜೋರಾಗಿ ಅನ್ನು. ಆಕಿಗೆ ಕಿವಿ ಮಂದ ಇತ್ತು."

"ದುರುಗವ್ವ!"

"ಇನ್ನಾ ಜೋರಾಗಿ. ಆಕಿ ಭಾಳ ದೂರ ಹೋಗ್ಯಾಳ."

ವಿರುಪಣ್ಣ ಎದ್ದು ನಿಂತ. ಗದ್ದೆಯ ಕಡೆ ಮುಖ ಮಾಡಿ, ಎರಡೂ ಕೈ ಬಾಯಿಗೆ ಹಿಡಿದು, "ದುರುಗವ್ವಾ..." ಎಂದು ಕೂಗಿದ. ಓಣಿಯ ನಾಯಿ ಎದ್ದು ಬೊಗಳಿತು. ಎದುರು ಮನೆಯ ತೆಲುಗು ಹೆಂಗಸು ಕೈ ಒರೆಸಿಕೊಳ್ಳುತ್ತ ಹೊರಗೆ ಓಡಿ ಬಂದು, "ಏಮಯಿಂದಿ ಹೊನ್ನಮ್ಮಾ?" ಎಂದಳು.

"ಏನಿಲ್ಲಮ್ಮಾ," ಅಂದಳು ಅತ್ತಿ. "ನಮ್ಮವ್ವನ ಮೊಮ್ಮಗ ಬಂದಾನ. ಅವ್ವನ್ನ ಕರ್ಯಾಕತ್ತಾನ."